ಸಣ್ಣ ಎಸ್‌ಯುವಿ: ಹೊಸದೋ, ಬಳಸಿದ್ದೋ? ಖರೀದಿಗೆ ಮುನ್ನ ಮಾಡಬೇಕಾದ ಲೆಕ್ಕ

ವ್ಯಾಪಾರಸ್ಥರ ಸಂಸಾರದಲ್ಲಿ ಮನೆ, ಅಂಗಡಿ, ಮಕ್ಕಳ ಮದುವೆ ಇವುಗಳನ್ನು ಬಿಟ್ಟರೆ ಒಂದೇ ಬಾರಿಗೆ ದೊಡ್ಡ ಮೊತ್ತ ಕೈಬಿಟ್ಟು ಹೋಗುವ ಸಂದರ್ಭವೆಂದರೆ ವಾಹನ ಖರೀದಿ. ಸರಕು ಕೊಳ್ಳುವಾಗ ಕ್ವಿಂಟಾಲಿಗೆ ಹತ್ತು ರೂಪಾಯಿಯ ವ್ಯತ್ಯಾಸವನ್ನೂ ಬಿಡದೆ ಲೆಕ್ಕ ಹಾಕುವ ವರ್ತಕರು, ಕಾರಿನ ವಿಷಯದಲ್ಲಿ ಮಾತ್ರ ಮಾಸಿಕ ಕಂತು ಎಷ್ಟು ಎಂಬ ಒಂದೇ ಪ್ರಶ್ನೆಗೆ ತೃಪ್ತರಾಗುವುದುಂಟು. ಕಾರಿಗಾಗಿ ತೆಗೆದ ಹಣ ಬಹುಪಾಲು ಸಂದರ್ಭಗಳಲ್ಲಿ ವ್ಯವಹಾರದ ದುಡಿಯುವ ಬಂಡವಾಳವೇ ಆಗಿರುತ್ತದೆ. ಆದ್ದರಿಂದ ಹೊಸದು ಒಳ್ಳೆಯದೋ, ಬಳಸಿದ್ದು ಒಳ್ಳೆಯದೋ ಎಂಬ ಪ್ರಶ್ನೆಗೆ ಷೋರೂಮಿನ ಹೊಳಪಾಗಲಿ, ಮಧ್ಯವರ್ತಿಯ ಮಾತಾಗಲಿ ಉತ್ತರ ಕೊಡಲಾರವು. ವಾಹನವನ್ನು ಎಷ್ಟು ವರ್ಷ ಇಟ್ಟುಕೊಳ್ಳಲಾಗುವುದು, ಆ ಅವಧಿಯಲ್ಲಿ ವರ್ಷಕ್ಕೆ ತಗಲುವ ನಿಜವಾದ ವೆಚ್ಚವೆಷ್ಟು ಎಂಬ ಲೆಕ್ಕವೇ ಉತ್ತರ ಕೊಡಬೇಕು.

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳು ಈ ಲೆಕ್ಕವನ್ನು ಗಮನಾರ್ಹವಾಗಿ ಬದಲಿಸಿವೆ. ಬಳಸಿದ ವಾಹನವೇ ಯಾವಾಗಲೂ ಲಾಭಕರವೆಂಬ ಹಳೆಯ ನಂಬಿಕೆಯನ್ನು ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸುವುದು ಅವಶ್ಯಕ.

ನಾಲ್ಕು ಮೀಟರಿನ ಗೆರೆ

2006-07ರ ಕೇಂದ್ರ ಮುಂಗಡಪತ್ರದಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಲಾಯಿತು. ನಾಲ್ಕು ಮೀಟರ್ ಮೀರದ ಉದ್ದ, ಪೆಟ್ರೋಲ್ ಆದರೆ 1200 ಸಿಸಿ ಮತ್ತು ಡೀಸೆಲ್ ಆದರೆ 1500 ಸಿಸಿ ಮೀರದ ಎಂಜಿನ್ ಎಂಬ ವ್ಯಾಖ್ಯೆ ಆಗ ಹುಟ್ಟಿತು. ಇಂದು ಸಣ್ಣ ಎಸ್‌ಯುವಿ ಎಂದು ಕರೆಯಲಾಗುವ ವರ್ಗವು ಬಹುಮಟ್ಟಿಗೆ ಈ ವ್ಯಾಖ್ಯೆಯ ಕೂಸು. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ ಮಾರುತಿ ವಿಟಾರಾ ಬ್ರೆಝಾ, 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಮಹೀಂದ್ರಾ ಎಕ್ಸ್‌ಯುವಿ 300 ಮತ್ತು ಹ್ಯುಂಡೈ ವೆನ್ಯೂ, 2020ರಲ್ಲಿ ಕಿಯಾ ಸೋನೆಟ್ ಮತ್ತು ನಿಸ್ಸಾನ್ ಮ್ಯಾಗ್ನೈಟ್ ಈ ಗೆರೆಯೊಳಗೇ ಮಾರುಕಟ್ಟೆಗೆ ಬಂದವು.

ಜಿಎಸ್‌ಟಿಯಲ್ಲಿಯೂ ಇದೇ ಗೆರೆ ಮುಂದುವರಿದಿದೆ. ಮೊದಲು ಈ ಮಿತಿಯೊಳಗಿನ ಪೆಟ್ರೋಲ್ ಕಾರಿಗೆ ಪರಿಹಾರ ಸೆಸ್ ಸೇರಿ ಶೇ. 29, ಡೀಸೆಲ್ ಕಾರಿಗೆ ಶೇ. 31 ತೆರಿಗೆಯಿತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ. 18 ಆಗಿದ್ದು, ಸೆಸ್ ಇಲ್ಲ. ಮಿತಿಯನ್ನು ಮೀರಿದ ಕಾರುಗಳಿಗೆ ಮೊದಲು ವರ್ಗಕ್ಕನುಗುಣವಾಗಿ ಶೇ. 45ರಿಂದ ಶೇ. 50ರವರೆಗೆ ಇದ್ದ ಹೊರೆ ಶೇ. 40ಕ್ಕೆ ಇಳಿದಿದೆ. ವಿದ್ಯುತ್ ಕಾರುಗಳಿಗೆ ಶೇ. 5 ಹಾಗೆಯೇ ಉಳಿದಿದೆ.

ಗ್ರಾಹಕರು ಉದ್ದವನ್ನಷ್ಟೇ ಅಲ್ಲದೆ ಎಂಜಿನ್ ಗಾತ್ರವನ್ನೂ ನೋಡಬೇಕು. 2022ರಲ್ಲಿ ಬಂದ ಬ್ರೆಝಾ ನಾಲ್ಕು ಮೀಟರಿನೊಳಗಿದ್ದರೂ ಅದರ 1462 ಸಿಸಿ ಪೆಟ್ರೋಲ್ ಎಂಜಿನ್ 1200 ಸಿಸಿ ಮಿತಿಯನ್ನು ಮೀರುವುದರಿಂದ ಅದು ಶೇ. 40ರ ವರ್ಗಕ್ಕೆ ಸೇರುತ್ತದೆ. 1199 ಸಿಸಿಯ ನೆಕ್ಸಾನ್ ಪೆಟ್ರೋಲ್, 1493 ಸಿಸಿಯ ಸೋನೆಟ್ ಡೀಸೆಲ್ ಶೇ. 18ರ ವರ್ಗದಲ್ಲಿವೆ. ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಒಂದೇ ಅಳತೆಯವೆಂದು ಕಾಣುವ ವಾಹನಗಳ ನಡುವೆ ತೆರಿಗೆಯಲ್ಲಿ ಇಷ್ಟು ಅಂತರವಿದೆ. ಗ್ರಾಹಕನು ಕೊಡುವ ಹಣದಲ್ಲಿ ವಾಹನಕ್ಕೆ ಎಷ್ಟು, ತೆರಿಗೆಗೆ ಎಷ್ಟು ಎಂಬುದು ಇದರಿಂದ ತಿಳಿಯುತ್ತದೆ.

ತೆರಿಗೆ ಇಳಿಕೆ ಮತ್ತು ಹತ್ತು ಲಕ್ಷದ ಮಿತಿ

ತೆರಿಗೆಗೆ ಮುಂಚಿನ ಬೆಲೆ 8,00,000 ರೂಪಾಯಿ ಇರುವ ಸಣ್ಣ ಪೆಟ್ರೋಲ್ ಎಸ್‌ಯುವಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಳೆಯ ದರದಲ್ಲಿ ಅದರ ಷೋರೂಂ ಬೆಲೆ 10,32,000 ರೂ. ಹೊಸ ದರದಲ್ಲಿ 9,44,000 ರೂ. ಇಲ್ಲಿ 88,000 ರೂ. ಇಳಿಯಿತು.

ಲಾಭ ಇಷ್ಟಕ್ಕೇ ಮುಗಿಯುವುದಿಲ್ಲ. ಕರ್ನಾಟಕದ ಜೀವಾವಧಿ ತೆರಿಗೆಯು ಬೆಲೆಯ ಹಂತಗಳನ್ನು ಅನುಸರಿಸುತ್ತದೆ. 2025ರಲ್ಲಿ ಜಾರಿಯಲ್ಲಿದ್ದ ಪಟ್ಟಿಯಂತೆ 5 ಲಕ್ಷ ಮೀರಿ 10 ಲಕ್ಷದವರೆಗಿನ ಕಾರಿಗೆ ಶೇ. 14, 10 ಲಕ್ಷ ಮೀರಿ 20 ಲಕ್ಷದವರೆಗೆ ಶೇ. 17, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಹಂತವನ್ನು ದಾಟಿದರೆ ಹೆಚ್ಚುವರಿ ಭಾಗಕ್ಕಷ್ಟೇ ಅಲ್ಲ, ಪೂರ್ಣ ಮೊತ್ತಕ್ಕೆ ಮೇಲಿನ ದರ ಬೀಳುತ್ತದೆ. ಮೇಲಿನ ಉದಾಹರಣೆಯಲ್ಲಿ ಹಳೆಯ ಬೆಲೆಗೆ ಜೀವಾವಧಿ ತೆರಿಗೆ ಮತ್ತು ಸೆಸ್ ಸೇರಿ 1,94,738 ರೂ. ಆಗುತ್ತಿತ್ತು, ಹೊಸ ಬೆಲೆಗೆ 1,46,698 ರೂ. ಇಲ್ಲಿ ಮತ್ತೆ 48,040 ರೂ. ಉಳಿಯಿತು. ಒಟ್ಟಾರೆ ವಾಹನ ರಸ್ತೆಗಿಳಿಯುವ ವೇಳೆಗೆ ವ್ಯತ್ಯಾಸ 1,36,040 ರೂ.

ಹತ್ತು ಲಕ್ಷದ ಆಸುಪಾಸಿನಲ್ಲಿ ಮಾದರಿಯನ್ನು ಆರಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 9,90,000 ರೂಪಾಯಿಯ ಕಾರಿಗೂ 10,10,000 ರೂಪಾಯಿಯ ಕಾರಿಗೂ ಬೆಲೆಯಲ್ಲಿ ಅಂತರ 20,000 ರೂ. ಮಾತ್ರ, ಜೀವಾವಧಿ ತೆರಿಗೆ ಮತ್ತು ಸೆಸ್‌ನಲ್ಲಿ ಅಂತರ 36,741 ರೂ. ಇದಲ್ಲದೆ ಹತ್ತು ಲಕ್ಷ ಮೀರಿದ ವಾಹನದ ಮೇಲೆ ಮಾರಾಟಗಾರರು ಶೇ. 1ರಷ್ಟು ಆದಾಯ ತೆರಿಗೆಯನ್ನು ಮೂಲದಲ್ಲಿಯೇ ವಸೂಲು ಮಾಡುತ್ತಾರೆ. ಇದನ್ನು ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆ ಮಾಡಿಕೊಳ್ಳಬಹುದಾದರೂ ಅಲ್ಲಿಯವರೆಗೆ ಹಣ ಸಿಲುಕಿರುತ್ತದೆ.

ಬಳಸಿದ ವಾಹನದ ನ್ಯಾಯಬೆಲೆ

ಬಳಸಿದ ವಾಹನದ ದೊಡ್ಡ ಅನುಕೂಲವೆಂದರೆ ಮೊದಲ ವರ್ಷಗಳ ಬೆಲೆ ಕುಸಿತವನ್ನು ಹಿಂದಿನ ಮಾಲೀಕರು ಭರಿಸಿರುತ್ತಾರೆ. ಕರ್ನಾಟಕದಲ್ಲಿಯೇ ನೋಂದಣಿಯಾಗಿದ್ದರೆ ಜೀವಾವಧಿ ತೆರಿಗೆಯನ್ನೂ ಅವರೇ ಕಟ್ಟಿರುತ್ತಾರೆ. ಹೊರರಾಜ್ಯದ ವಾಹನವಾದರೆ ಈ ಎರಡನೆಯ ಅನುಕೂಲ ಇಲ್ಲ. ಅಲ್ಲಿನ ನಿರಾಕ್ಷೇಪಣಾ ಪತ್ರ ತರಬೇಕು, ಇಲ್ಲಿ ವಾಹನದ ವಯಸ್ಸಿಗನುಗುಣವಾಗಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು. ದೂರದ ನಗರಗಳಿಂದ ಅಗ್ಗದ ಬೆಲೆಗೆ ಬರುವ ವಾಹನಗಳ ಬೆಲೆಗೆ ಇದನ್ನು ಸೇರಿಸಿದ ಮೇಲೆಯೇ ಹೋಲಿಕೆ ಮಾಡತಕ್ಕದ್ದು.

ಮಾರುವವರು ಸಾಮಾನ್ಯವಾಗಿ ತಾವು ಕೊಟ್ಟ ಬೆಲೆಯನ್ನು ಮುಂದಿಟ್ಟು ಮಾತು ಆರಂಭಿಸುತ್ತಾರೆ. 2025ರ ಸೆಪ್ಟೆಂಬರ್‌ಗೆ ಮೊದಲು ಕೊಂಡ ಸಣ್ಣ ಕಾರಿನ ಇನ್‌ವಾಯ್ಸ್ ಇಂದಿನ ಬೆಲೆಗೆ ಆಧಾರವಾಗಲಾರದು. ಅದೇ ಮಾದರಿಯ ಹೊಸ ವಾಹನ ಇಂದು ಯಾವ ಬೆಲೆಗೆ ದೊರೆಯುತ್ತದೆ ಎಂಬುದೇ ಅಳತೆಗೋಲು. ಸ್ಥೂಲ ಅಂದಾಜಿಗೆ ವಿಮಾ ಕಂಪನಿಗಳು ವಾಹನದ ಘೋಷಿತ ಮೌಲ್ಯಕ್ಕೆ ಬಳಸುತ್ತ ಬಂದಿರುವ ಸವಕಳಿ ಪಟ್ಟಿ ಉಪಯುಕ್ತ. ಅದರಂತೆ ಒಂದು ವರ್ಷ ಮೀರಿ ಎರಡು ವರ್ಷದವರೆಗೆ ಶೇ. 20, ಮೂರು ವರ್ಷದವರೆಗೆ ಶೇ. 30, ನಾಲ್ಕು ವರ್ಷದವರೆಗೆ ಶೇ. 40, ಐದು ವರ್ಷದವರೆಗೆ ಶೇ. 50 ಕಳೆಯಲಾಗುತ್ತದೆ. 9,44,000 ರೂಪಾಯಿಯ ಮಾದರಿ ಮೂರು ವರ್ಷದೊಳಗಿನದಾಗಿದ್ದರೆ ಈ ಪಟ್ಟಿಯಂತೆ 6,60,800 ರೂ. ಆಗುತ್ತದೆ. ವಾಹನದ ಸ್ಥಿತಿ, ಓಡಿದ ಕಿಲೋಮೀಟರ್ ಹಾಗೂ ಬೇಡಿಕೆಯಂತೆ ಇದಕ್ಕಿಂತ ತುಸು ಹೆಚ್ಚು ಕಡಿಮೆ ಕೊಡಬಹುದು. ಆದರೆ ಅದೇ ವಾಹನಕ್ಕೆ ಎಂಟು ಲಕ್ಷ ಕೇಳುವವರ ಮುಂದೆ ಕಾರಣ ಕೇಳುವ ಹಕ್ಕು ಕೊಳ್ಳುವವರಿಗೆ ಇದೆ.

ಒಂದು ತುಲನಾತ್ಮಕ ಲೆಕ್ಕ

ಮೇಲಿನ ಮಾದರಿಯನ್ನೇ ಆರು ವರ್ಷ ಇಟ್ಟುಕೊಳ್ಳುವುದೆಂದು ಭಾವಿಸೋಣ. ಇಲ್ಲಿನ ಮರುಮಾರಾಟ ಬೆಲೆ, ವಿಮೆ ಮತ್ತು ದುರಸ್ತಿಯ ಅಂಕಿಗಳು ಲೆಕ್ಕದ ವಿಧಾನವನ್ನು ತೋರಿಸಲು ಊಹಿಸಿದವು. ಸದಸ್ಯರು ತಮ್ಮ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಹೊಸ ವಾಹನ: ಷೋರೂಂ ಬೆಲೆ, ಜೀವಾವಧಿ ತೆರಿಗೆ, ವಿಮೆ ಇತ್ಯಾದಿ ಸೇರಿ 11,40,000 ರೂ. ಆರು ವರ್ಷದ ನಂತರ ಮಾರಿದರೆ 4,50,000 ರೂ. ನಿವ್ವಳ ವೆಚ್ಚ 6,90,000 ರೂ., ಅಂದರೆ ವರ್ಷಕ್ಕೆ 1,15,000 ರೂ.

ಮೂರು ವರ್ಷ ಹಳೆಯ ವಾಹನ: ಬೆಲೆ 6,75,000 ರೂ., ವರ್ಗಾವಣೆ, ವಿಮೆ ಮತ್ತು ಆರಂಭಿಕ ದುರಸ್ತಿಗೆ 50,000 ರೂ., ಒಟ್ಟು 7,25,000 ರೂ. ಆರು ವರ್ಷದ ನಂತರ ಮಾರಿದರೆ 2,50,000 ರೂ. ಹೊಸದಕ್ಕೆ ಹೋಲಿಸಿದರೆ ಹೆಚ್ಚಾಗುವ ನಿರ್ವಹಣೆ ವರ್ಷಕ್ಕೆ 12,000 ರೂ. ನಿವ್ವಳ ವೆಚ್ಚ 5,47,000 ರೂ., ವರ್ಷಕ್ಕೆ 91,167 ರೂ.

ಇಷ್ಟರಲ್ಲಿ ಬಳಸಿದ ವಾಹನದಿಂದ ವರ್ಷಕ್ಕೆ 23,833 ರೂ. ಉಳಿತಾಯ. ಇದಕ್ಕೆ ಬಂಡವಾಳದ ವೆಚ್ಚವನ್ನೂ ಸೇರಿಸಬೇಕು. ಆರು ವರ್ಷಗಳಲ್ಲಿ ಹೊಸ ವಾಹನದಲ್ಲಿ ತೊಡಗಿರುವ ಸರಾಸರಿ ಹಣ 7,95,000 ರೂ., ಹಳೆಯದರಲ್ಲಿ 4,87,500 ರೂ. ವ್ಯತ್ಯಾಸಕ್ಕೆ ಶೇ. 10 ಬಡ್ಡಿ ಹಿಡಿದರೆ ವರ್ಷಕ್ಕೆ 30,750 ರೂ. ಒಟ್ಟು ಉಳಿತಾಯ ಸುಮಾರು 54,500 ರೂ. ಆಯಿತು.

ಈಗ ಎರಡು ಬದಲಾವಣೆ ಮಾಡಿ ನೋಡೋಣ. ಹಳೆಯ ವಾಹನಕ್ಕೆ 6,75,000ದ ಬದಲು 8,00,000 ರೂ. ಕೊಟ್ಟರೆ, ಬಡ್ಡಿ ಸೇರಿ ವರ್ಷಕ್ಕೆ 27,083 ರೂ. ಕರಗಿ, ಉಳಿತಾಯ ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ಗೇರ್‌ಬಾಕ್ಸ್ ಅಥವಾ ಎಂಜಿನ್ನಿನಂಥ ಒಂದೇ ಒಂದು ದೊಡ್ಡ ದುರಸ್ತಿಗೆ 1,50,000 ರೂ. ಖರ್ಚಾದರೆ ಉಳಿಯುವುದು ವರ್ಷಕ್ಕೆ ಎರಡೂವರೆ ಸಾವಿರ ಮಾತ್ರ. ಅಷ್ಟಕ್ಕಾಗಿ ಖಾತರಿ ಇಲ್ಲದ ವಾಹನವನ್ನು ಕುಟುಂಬಕ್ಕೆ ತರುವುದರಲ್ಲಿ ಅರ್ಥವಿಲ್ಲ. ಬಳಸಿದ ವಾಹನದ ಲಾಭವೆಲ್ಲ ಕೊಳ್ಳುವ ಬೆಲೆಯಲ್ಲಿ ಮತ್ತು ಕೊಳ್ಳುವ ಮುನ್ನ ಮಾಡುವ ಪರೀಕ್ಷೆಯಲ್ಲಿ ಅಡಗಿದೆ ಎಂಬುದೇ ಈ ಲೆಕ್ಕದ ಸಾರ.

ಯಾರ ಹೆಸರಿನಲ್ಲಿ ಕೊಳ್ಳಬೇಕು?

ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ಜಿಎಸ್‌ಟಿ ವಾಪಸು ಬರುತ್ತದೆಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮಿನಂತೆ ಚಾಲಕ ಸೇರಿ 13 ಆಸನ ಮೀರದ ಪ್ರಯಾಣಿಕ ವಾಹನಕ್ಕೆ ಇನ್‌ಪುಟ್ ತೆರಿಗೆ ಜಮೆ ಇಲ್ಲ. ವಾಹನ ಮಾರಾಟ, ಪ್ರಯಾಣಿಕ ಸಾಗಣೆ ಮತ್ತು ಚಾಲನಾ ತರಬೇತಿಯ ವ್ಯವಹಾರದವರಿಗೆ ಮಾತ್ರ ವಿನಾಯಿತಿ. ಜಮೆ ಸಿಗದ ವಾಹನದ ವಿಮೆ, ದುರಸ್ತಿ, ನಿರ್ವಹಣೆಯ ಮೇಲಿನ ತೆರಿಗೆಗೂ ಜಮೆ ಸಿಗುವುದಿಲ್ಲ.

ಆದಾಯ ತೆರಿಗೆಯಲ್ಲಿ ಮಾತ್ರ ಅನುಕೂಲವಿದೆ. 2025-26ನೆಯ ಹಣಕಾಸು ವರ್ಷದ ನಿಯಮಗಳಂತೆ ವ್ಯವಹಾರಕ್ಕೆ ಬಳಸುವ ಕಾರಿಗೆ ಸವಕಳಿ ಕಳೆದ ಮೌಲ್ಯದ ಮೇಲೆ ಶೇ. 15, ವಿದ್ಯುತ್ ಕಾರಿಗೆ ಶೇ. 40 ಸವಕಳಿ ದೊರೆಯುತ್ತದೆ. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಇದರ ಅರ್ಧ ಮಾತ್ರ. ಆದಕಾರಣ ಅಕ್ಟೋಬರ್ ತಿಂಗಳ ಮೊದಲ ಕೆಲವು ದಿನಗಳು ಕಳೆದ ಮೇಲೆ ರಸ್ತೆಗಿಳಿದ ವಾಹನಕ್ಕೆ ಆ ವರ್ಷ ಪೂರ್ಣ ಸವಕಳಿ ಇಲ್ಲ. ಬಳಸಿದ ವಾಹನಕ್ಕೂ ಇದೇ ದರ ಅನ್ವಯಿಸುತ್ತದೆ. ವ್ಯವಹಾರದ ಸಾಲದ ಬಡ್ಡಿ, ಇಂಧನ, ವಿಮೆಗಳನ್ನೂ ಖರ್ಚು ಹಾಕಬಹುದು. ಆದರೆ ಮಾಲೀಕರಾಗಲಿ ಪಾಲುದಾರರಾಗಲಿ ಸ್ವಂತಕ್ಕೆ ಬಳಸಿದಷ್ಟು ಭಾಗವನ್ನು ಬಿಟ್ಟುಕೊಡಬೇಕಾಗುತ್ತದೆ.

ಸವಕಳಿಗಾಗಿಯೇ ಹೊಸ ಕಾರು ಕೊಳ್ಳುವೆನೆಂಬ ವಾದ ದುರ್ಬಲವಾದುದು. ಶೇ. 31.2 ತೆರಿಗೆ ಕೊಡುವ ಪಾಲುದಾರಿಕೆ ಸಂಸ್ಥೆಗೆ ಒಂದು ರೂಪಾಯಿ ಸವಕಳಿಯಿಂದ ಉಳಿಯುವುದು 31 ಪೈಸೆ; ಉಳಿದ 69 ಪೈಸೆ ಕೈಬಿಟ್ಟೇ ಹೋಗಿರುತ್ತದೆ.

ಬಳಸಿದ ವಾಹನ ಕೊಳ್ಳುವವರು ನಗದು ವ್ಯವಹಾರದಿಂದ ದೂರವಿರಬೇಕು. ಸ್ವತ್ತಿನ ಖರೀದಿಗೆ ಒಬ್ಬರಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದಾಗಿ ಕೊಟ್ಟರೆ ಆ ಮೊತ್ತ ಸ್ವತ್ತಿನ ವೆಚ್ಚಕ್ಕೆ ಸೇರುವುದಿಲ್ಲ, ಅದರ ಮೇಲೆ ಸವಕಳಿಯೂ ಇಲ್ಲ. ಒಂದು ವ್ಯವಹಾರದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಮಾರುವವರಿಗೆ ನಿಷಿದ್ಧ. ತಪ್ಪಿದರೆ ಅಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ.

ಸಂಸ್ಥೆಯ ಹಳೆಯ ಕಾರನ್ನು ಮಾರುವಾಗ

ಹೊಸದನ್ನು ಕೊಳ್ಳುವವರು ಸಾಮಾನ್ಯವಾಗಿ ಹಳೆಯದನ್ನು ಮಾರುತ್ತಾರೆ. ನೋಂದಾಯಿತ ವರ್ತಕರು ವ್ಯವಹಾರದ ಲೆಕ್ಕದಲ್ಲಿರುವ ಕಾರನ್ನು ಮಾರಿದರೆ ಜಿಎಸ್‌ಟಿ ಅನ್ವಯಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೆಯ ಸಭೆಯ ಶಿಫಾರಸಿನಂತೆ, 2025ರ ಜನವರಿಯಿಂದ ಬಳಸಿದ ವಾಹನಗಳೆಲ್ಲಕ್ಕೂ ದರ ಶೇ. 18 ಆಗಿದೆ. ಈ ತೆರಿಗೆ ಪೂರ್ಣ ಬೆಲೆಯ ಮೇಲಲ್ಲ, ಅಂತರದ ಮೇಲೆ ಮಾತ್ರ. ಸವಕಳಿ ಪಡೆದ ವಾಹನವಾದರೆ ಮಾರಾಟ ಬೆಲೆಯಿಂದ ಸವಕಳಿ ಕಳೆದ ಮೌಲ್ಯವನ್ನು ಕಳೆದು ಬರುವುದೇ ಅಂತರ.

12,00,000 ರೂಪಾಯಿಗೆ ಕೊಂಡ ಕಾರಿನ ಮೌಲ್ಯ ನಾಲ್ಕು ವರ್ಷಗಳ ಪೂರ್ಣ ಸವಕಳಿಯ ನಂತರ 6,26,408 ರೂ. ಅದನ್ನು 7,00,000ಕ್ಕೆ ಮಾರಿದರೆ ಅಂತರ 73,592 ರೂ., ತೆರಿಗೆ 13,247 ರೂ. 6,00,000ಕ್ಕೆ ಮಾರಿದರೆ ಅಂತರವೇ ಇಲ್ಲವಾದ್ದರಿಂದ ತೆರಿಗೆಯೂ ಇಲ್ಲ. ಹಿಂದೆ ಇನ್‌ಪುಟ್ ಜಮೆ ಪಡೆದಿರಬಾರದೆಂಬ ಷರತ್ತಿದೆ. ಜಿಎಸ್‌ಟಿ ನೋಂದಣಿ ಇಲ್ಲದ ವ್ಯಕ್ತಿ ತನ್ನ ಸ್ವಂತ ಬಳಕೆಯ ಕಾರನ್ನು ಮಾರಿದರೆ ಈ ತೆರಿಗೆ ಬರುವುದಿಲ್ಲ.

ಕಾಗದಪತ್ರಗಳು

ಹಣ ಕೊಟ್ಟು ಕೀಲಿ ಪಡೆದ ಮಾತ್ರಕ್ಕೆ ವ್ಯವಹಾರ ಮುಗಿಯದು. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನಗಳಲ್ಲಿ ನಮೂನೆ 29ರ ಮೂಲಕ ವರ್ಗಾವಣೆಯನ್ನು ಪ್ರಾದೇಶಿಕ ಸಾರಿಗೆ ಕಚೇರಿಗೆ ತಿಳಿಸಬೇಕು. ಕೊಂಡವರು 30 ದಿನಗಳಲ್ಲಿ ನಮೂನೆ 30ರಂತೆ ಅರ್ಜಿ ಸಲ್ಲಿಸಬೇಕು. ಬ್ಯಾಂಕಿನ ಸಾಲವಿದ್ದ ವಾಹನಕ್ಕೆ ನಮೂನೆ 35 ಮತ್ತು ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಅಗತ್ಯ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಮಾಲೀಕರೆಂದು ಪರಿಗಣಿಸಿ ಅಪಘಾತದ ಪರಿಹಾರಕ್ಕೆ ಹೊಣೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2018ರ ತೀರ್ಪೊಂದರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ವಾಹನ ಹಲವು ಕೈ ದಾಟಿದ್ದರೂ ದಾಖಲೆಯಲ್ಲಿದ್ದ ಹೆಸರಿಗೇ ಹೊಣೆ ಬಂತು. ಕಾರು ಮಾರಿದ ಸದಸ್ಯರು ಇದನ್ನು ಕೊಂಡವರಿಗಿಂತ ಹೆಚ್ಚು ನೆನಪಿಡಬೇಕು. ವಾಹನವನ್ನು ವ್ಯಾಪಾರಿಯ ಬಳಿ ಬಿಡುವವರು, ಆತ ಅಧಿಕೃತ ವ್ಯಾಪಾರಿಯೇ ಎಂದು ನೋಡಿ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಮೂನೆ 29ಸಿ ಸಲ್ಲಿಸುವುದು ಕ್ಷೇಮಕರ.

ವಿಮೆಯನ್ನು 14 ದಿನಗಳೊಳಗೆ ಹೊಸ ಮಾಲೀಕರ ಹೆಸರಿಗೆ ಬದಲಿಸಲು ಅರ್ಜಿ ಕೊಡಬೇಕು. ಇಲ್ಲವಾದರೆ ಸ್ವಂತ ವಾಹನದ ಹಾನಿಗೆ ಪರಿಹಾರ ಕೊಡಲು ಕಂಪನಿ ನಿರಾಕರಿಸುವ ಸಂಭವವಿದೆ. ಕ್ಲೇಮು ಮಾಡದ ವರ್ಷಗಳ ಬೋನಸ್ ಮಾಲೀಕರಿಗೆ ಸೇರಿದ್ದು, ವಾಹನಕ್ಕಲ್ಲ. ಶೇ. 50ರವರೆಗೆ ಇರಬಹುದಾದ ಈ ರಿಯಾಯಿತಿಯನ್ನು ಮಾರಿದವರು ತಮ್ಮ ಹೊಸ ಕಾರಿಗೆ ಒಯ್ಯಬಹುದು. ಕೊಂಡವರು ಪೂರ್ಣ ಪ್ರೀಮಿಯಂ ಲೆಕ್ಕ ಹಿಡಿಯಬೇಕು. ಬಾಕಿ ದಂಡ ಹಾಗೂ ಮಾರುವವರ ಫಾಸ್ಟ್ಯಾಗ್ ಎರಡನ್ನೂ ಹಣ ಕೊಡುವ ಮುನ್ನ ಇತ್ಯರ್ಥ ಮಾಡಿಸಿಕೊಳ್ಳತಕ್ಕದ್ದು.

ವಾಹನದ ಪರೀಕ್ಷೆ ಮತ್ತು ಸುರಕ್ಷತೆ

ತಯಾರಾದ ವರ್ಷವೇ ಹಲವು ವಿಷಯ ಹೇಳುತ್ತದೆ. ಬಿಎಸ್-6 ಮಾನದಂಡ 2020ರ ಏಪ್ರಿಲ್‌ನಿಂದ ಜಾರಿಗೆ ಬಂತು. ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಕಡ್ಡಾಯವಾದುದು ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ. ಅದಕ್ಕೂ ಹಿಂದಿನ ವಾಹನವಾದರೆ ಏರ್‌ಬ್ಯಾಗ್‌ಗಳ ಸಂಖ್ಯೆಯನ್ನು ಕಣ್ಣಾರೆ ನೋಡಬೇಕು. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ 2025ರ ವೇಳೆಗೆ ದೇಶಾದ್ಯಂತ ಬಂದಿರುವುದರಿಂದ, ಹಳೆಯ ಪೆಟ್ರೋಲ್ ವಾಹನದ ಕೈಪಿಡಿಯಲ್ಲಿ ಯಾವ ಮಿಶ್ರಣಕ್ಕೆ ಅನುಮತಿಯಿದೆ ಎಂದು ಓದಿಕೊಳ್ಳಬೇಕು. ಬಿಎಸ್-6 ಡೀಸೆಲ್ ವಾಹನದ ಹೊಗೆ ಶೋಧಕವು ಪೇಟೆಯೊಳಗಿನ ಸಣ್ಣ ಓಡಾಟದಲ್ಲಿ ಮಸಿ ಕಟ್ಟಿಕೊಳ್ಳುತ್ತದೆ. ದೂರದ ಪ್ರಯಾಣ ಹೆಚ್ಚಿರುವವರಿಗೇ ಡೀಸೆಲ್ ತಕ್ಕುದು. ವಿದ್ಯುತ್ ವಾಹನವಾದರೆ ಬ್ಯಾಟರಿಯ ಖಾತರಿ ಎರಡನೆಯ ಮಾಲೀಕರಿಗೂ ದೊರೆಯುವುದೇ ಎಂಬುದನ್ನು ಲಿಖಿತವಾಗಿ ಪಡೆಯಬೇಕು.

ಕಿಲೋಮೀಟರ್ ಮಾಪಕದ ಅಂಕಿಯನ್ನು ಸರ್ವಿಸ್ ದಾಖಲೆಗಳೊಡನೆ ತಾಳೆ ನೋಡುವುದು, ಟೈರಿನ ಮೇಲಿನ ನಾಲ್ಕಂಕಿಯಿಂದ ಅದರ ತಯಾರಿಕೆಯ ವಾರ ಮತ್ತು ವರ್ಷ ತಿಳಿಯುವುದು, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಕಲೆ ಹುಡುಕುವುದು ಯಾರೂ ಮಾಡಬಹುದಾದ ಪರೀಕ್ಷೆಗಳು. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಬಂದ ನೆರೆಯಲ್ಲಿ ಅನೇಕ ಕಾರುಗಳು ಮುಳುಗಿದ್ದವು. ನೀರು ಹೊಕ್ಕ ವಾಹನದ ವೈರಿಂಗ್ ದೋಷ ತಿಂಗಳುಗಳ ನಂತರ ತಲೆದೋರುವುದರಿಂದ ಕೆಳಹಾಸಿನಡಿಯ ತುಕ್ಕನ್ನು ನೋಡದೆ ಬಿಡಬಾರದು. ಇವೆಲ್ಲದರ ಮೇಲೆ ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ರಿಂದ ಲಿಫ್ಟಿನ ಮೇಲೇರಿಸಿ ಪರೀಕ್ಷೆ ಮಾಡಿಸುವ ಖರ್ಚು ವ್ಯರ್ಥವಲ್ಲ.

ಡಿಕ್ಕಿ ಪರೀಕ್ಷೆಯ ಅಂಕಗಳನ್ನು ಅಲಂಕಾರವೆಂದು ಭಾವಿಸಬಾರದು. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 2018ರಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರು ನೆಕ್ಸಾನ್. 2020ರಲ್ಲಿ ಎಕ್ಸ್‌ಯುವಿ 300 ಆ ಮಟ್ಟ ಮುಟ್ಟಿತು. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಜಾರಿಯಲ್ಲಿದೆ. ಪರೀಕ್ಷೆಯ ನಿಯಮಗಳು 2022ರಲ್ಲಿ ಬಿಗಿಯಾದುದರಿಂದ ನಕ್ಷತ್ರದ ಜೊತೆಗೆ ಪರೀಕ್ಷೆಯ ವರ್ಷವನ್ನೂ ಕೇಳಬೇಕು.

ತೀರ್ಮಾನ

ವರ್ಷಕ್ಕೆ ಹೆಚ್ಚು ಓಡಾಟವಿರುವವರು, ವಾಹನವನ್ನು ಎಂಟು ಹತ್ತು ವರ್ಷ ಇಟ್ಟುಕೊಳ್ಳುವವರು, ದುರಸ್ತಿಗೆ ನಿಂತರೆ ವ್ಯವಹಾರವೇ ನಿಲ್ಲುವಂಥವರು ಶೇ. 18ರ ವರ್ಗದೊಳಗಿನ, ಹತ್ತು ಲಕ್ಷದ ಗೆರೆಯ ಕೆಳಗಿನ ಹೊಸ ವಾಹನವನ್ನು ಆರಿಸುವುದು ಲೇಸು. ಓಡಾಟ ಕಡಿಮೆಯಿದ್ದು, ಅಂಗಡಿಗೆ ಬಂಡವಾಳದ ಅಗತ್ಯ ಹೆಚ್ಚಿರುವವರಿಗೆ ಒಬ್ಬರೇ ಮಾಲೀಕರಿದ್ದ, ಎರಡರಿಂದ ನಾಲ್ಕು ವರ್ಷದ, ದಾಖಲೆ ಸಮಗ್ರವಾಗಿರುವ ಸ್ಥಳೀಯ ವಾಹನ ತಕ್ಕುದು. ಆದರೆ ಇಂದಿನ ಹೊಸ ಬೆಲೆಯನ್ನು ಆಧರಿಸಿದ ದರಕ್ಕೆ ಮಾತ್ರ. ಆ ದರಕ್ಕೆ ಮಾರುವವರು ಒಪ್ಪದಿದ್ದರೆ ಇನ್ನೊಂದು ವಾಹನ ನೋಡುವಷ್ಟು ತಾಳ್ಮೆ ಇರಬೇಕು. ಬಳಸಿದ ಸಣ್ಣ ಎಸ್‌ಯುವಿಗಳಿಗೆ ಮಾರುಕಟ್ಟೆಯಲ್ಲಿ ಕೊರತೆಯೇನಿಲ್ಲ. ಒಮ್ಮೆ ಕಾರಿಗೆ ಹಾಕಿದ ದುಡಿಯುವ ಬಂಡವಾಳವನ್ನು ಮತ್ತೆ ಕೂಡಿಸುವುದು ಮಾತ್ರ ಸುಲಭವಲ್ಲ.